ಕುಂಡಗಳನ್ನು ಕೆಳಗಿಳಿಸುವ ಮುನ್ನ: ಅಪಾರ್ಟ್‌ಮೆಂಟ್ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳ ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹಾಗೂ ಸಮಿತಿಯ ಎಲ್ಲ ಸದಸ್ಯರಿಗೆ,



"ತಾರಸಿಯ ಮೇಲಿರುವ ಎಲ್ಲ ಹೂಕುಂಡ, ಗ್ರೋ ಬ್ಯಾಗ್, ಡ್ರಮ್ಮುಗಳನ್ನು ಈ ತಿಂಗಳ ಕೊನೆಯೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಘವೇ ತೆರವುಗೊಳಿಸಿ ವೆಚ್ಚವನ್ನು ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸುವುದು." ಇಂಥದೊಂದು ಕಾಗದ ಲಿಫ್ಟಿನ ಗೋಡೆಗೆ ಅಂಟುವುದು ಈಗ ಊರಲ್ಲೆಲ್ಲ ಮಾಮೂಲಾಗಿದೆ. ನಮ್ಮ ಕಟ್ಟಡದಲ್ಲಿ ಅಂಟಿತು. ತಂಗಿಯ ಕಟ್ಟಡದಲ್ಲಿ ಅದಕ್ಕೂ ಮೊದಲೇ ಅಂಟಿತ್ತು. ಒಕ್ಕಣೆಯೂ ಹೆಚ್ಚುಕಡಿಮೆ ಅದೇ. ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ದಾಟಿಕೊಂಡು ಬಂದಿದ್ದಿರಬೇಕು. ಹಾಗಾಗಿ ಈ ಪತ್ರವನ್ನು ಯಾವುದೋ ಒಂದು ಸಮಿತಿಯ ಮೇಲಿನ ದೂರೆಂದು ತಿಳಿಯಬೇಡಿ. ಇದು ನಿಮ್ಮೆಲ್ಲರಿಗೂ ಬರೆದ ಬಿನ್ನಹ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನೂ ನಮ್ಮ ಸಂಘದಲ್ಲಿ ಖಜಾಂಚಿಯಾಗಿ ಕೂತವಳು. ಸಂಬಳವಿಲ್ಲದ ಕೆಲಸ ಅದು. ಟ್ಯಾಂಕರಿನವನ ಬಿಲ್ಲು, ಲಿಫ್ಟಿನ ವಾರ್ಷಿಕ ಕರಾರು, ಬಾಕಿ ಉಳಿಸಿಕೊಂಡವರ ಸಿಟ್ಟು, ರಾತ್ರಿ ಮಲಗುವ ಹೊತ್ತಿಗೆ "ನಮ್ಮ ಪಾರ್ಕಿಂಗಿನಲ್ಲಿ ಯಾರದೋ ಕಾರು ನಿಂತಿದೆ" ಎಂದು ಬರುವ ಫೋನು, ಇವೆಲ್ಲದರ ರುಚಿ ನನಗೂ ಗೊತ್ತು. ಹತ್ತು ಜನರ ಜೊತೆ ಹತ್ತು ಸಲ ಮಾತಾಡುವುದಕ್ಕಿಂತ ಒಂದು ನೋಟಿಸ್ ಅಂಟಿಸಿ ಕೈತೊಳೆದುಕೊಳ್ಳುವುದು ಸುಲಭ ಎಂದು ನಿಮಗೆ ಅನಿಸಿದರೆ ತಪ್ಪೇನಿಲ್ಲ. ಆದರೂ ಕೇಳುತ್ತೇನೆ: ತಾರಸಿಯ ಕುಂಡಗಳನ್ನು ಸಾರಾಸಗಟಾಗಿ ನಿಷೇಧಿಸಬೇಡಿ. ನಿಯಮ ಮಾಡಿ, ಬೇಕಾದರೆ ಬಿಗಿಯಾಗಿಯೇ ಮಾಡಿ. ಗಿಡ ಬೆಳೆಸುವವರ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ತಾರಸಿಯ ಬಾಗಿಲಿಗೆ ಬೀಗ ಮಾತ್ರ ಜಡಿಯಬೇಡಿ.

ಮೊದಲು ನಿಮ್ಮ ದೊಡ್ಡ ಭಯಕ್ಕೇ ಬರುತ್ತೇನೆ: ಸೋರಿಕೆ.

ನಮ್ಮಲ್ಲಿ ಒಂದು ಮಳೆಗಾಲದಲ್ಲಿ ಮೇಲಿನ ಮಹಡಿಯ ಮಲಗುವ ಕೋಣೆಯ ಸೂರು ಒದ್ದೆಯಾಗಿ, ಬಣ್ಣ ಹಪ್ಪಳದಂತೆ ಎದ್ದುಬಂತು. ಸರಿಯಾಗಿ ಅದರ ಮೇಲೆ ಯಾರದೋ ಬದನೆ, ಮೆಣಸಿನ ಕುಂಡಗಳಿದ್ದವು. ಅಪರಾಧಿ ಕಣ್ಣೆದುರೇ ಕೂತಿರುವಾಗ ತನಿಖೆ ಯಾಕೆ? ಕುಂಡಗಳನ್ನು ಎತ್ತಿಸಲಾಯಿತು. ಮುಂದಿನ ಜೋರು ಮಳೆಗೆ ಸೂರು ಮತ್ತೆ ಸೋರಿತು. ಆಮೇಲೆ ವಾಟರ್‌ಪ್ರೂಫಿಂಗ್ ಮಾಡುವವರನ್ನು ಕರೆಸಿ ನೋಡಿಸಿದರೆ ಮಳೆನೀರಿನ ಪೈಪಿನ ಬಾಯಿಗೆ ಎಲೆ, ಪ್ಲಾಸ್ಟಿಕ್ ಕವರು, ಗಾಳಿಪಟದ ದಾರ ಎಲ್ಲ ಸೇರಿ ಬಿರಡೆ ಹಾಕಿದಂತಾಗಿತ್ತು. ನೀರು ಹರಿಯಲು ದಾರಿಯಿಲ್ಲದೆ ತಾರಸಿಯ ಮೇಲೆಯೇ ನಿಂತಿತ್ತು. ನಿಂತ ನೀರು ಇಳಿಯಲು ಹುಡುಕಿಕೊಂಡ ದಾರಿ ಯಾವುದು ಗೊತ್ತೇ? ಡಿಶ್ ಆ್ಯಂಟೆನಾ ಕೂರಿಸಲು ಕೊರೆದ ಬೋಲ್ಟಿನ ತೂತುಗಳು. ಒಂದೊಂದು ಮನೆಗೆ ಒಂದೊಂದು ಆ್ಯಂಟೆನಾ, ಒಂದೊಂದಕ್ಕೆ ಮೂರು ನಾಲ್ಕು ತೂತು. ಡಿಶ್ ಆ್ಯಂಟೆನಾ ತೆರವುಗೊಳಿಸತಕ್ಕದ್ದು ಎಂಬ ನೋಟಿಸನ್ನು ನಾನು ಈವರೆಗೆ ಯಾವ ಲಿಫ್ಟಿನಲ್ಲೂ ಓದಿಲ್ಲ.

ಪ್ಯಾರಾಪೆಟ್ ಗೋಡೆ ಮತ್ತು ನೆಲ ಸೇರುವ ಮೂಲೆಯನ್ನೂ ಒಮ್ಮೆ ಬಗ್ಗಿ ನೋಡಿ. ಬಹಳಷ್ಟು ಕಟ್ಟಡಗಳಲ್ಲಿ ಬಿರುಕು ಶುರುವಾಗುವುದು ಅಲ್ಲೇ. ಆ ಬಿರುಕಿನಲ್ಲಿ ಅರಳಿಯದೋ ಗೋಳಿಯದೋ ಸಸಿ ನಾಲ್ಕೆಲೆ ಬಿಟ್ಟು ನಿಂತಿರುತ್ತದೆ. ಅದನ್ನು ಯಾವ ನಿವಾಸಿಯೂ ನೆಟ್ಟಿಲ್ಲ, ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ. ಕಾಂಕ್ರೀಟನ್ನು ನಿಜವಾಗಿ ಸೀಳುವ ಬೇರು ಅದರದು. ಒಂದೂವರೆ ಅಡಿ ಎತ್ತರದ ಮೆಂತ್ಯ, ಕೊತ್ತಂಬರಿ, ಮೆಣಸಿನ ಗಿಡಗಳ ಬೇರು ಚೀಲದ ತಳ ಮುಟ್ಟಿ ಅಲ್ಲೇ ಸುತ್ತಿಕೊಳ್ಳುತ್ತದೆಯೇ ಹೊರತು ನಿಮ್ಮ ಸ್ಲ್ಯಾಬಿಗೆ ಇಳಿಯುವುದಿಲ್ಲ.

ಹಾಗೆಂದು ಕುಂಡಗಳು ಸದಾ ನಿರಪರಾಧಿಗಳೆಂದು ವಾದಿಸಲಾರೆ. ನೆಲಕ್ಕೆ ನೇರವಾಗಿ ಇಟ್ಟ ಕುಂಡದಡಿ ವರ್ಷಾನುಗಟ್ಟಲೆ ತೇವ ಉಳಿಯುತ್ತದೆ. ಅಲ್ಲಿ ಕಸಪೊರಕೆ ತಾಗುವುದಿಲ್ಲ, ಪಾಚಿ ಕಟ್ಟುತ್ತದೆ, ಗೊಬ್ಬರದ ಉಪ್ಪಿನಂಶ ಸಿಮೆಂಟಿಗೆ ಇಳಿಯುತ್ತದೆ. ಸಾಲಾಗಿ ಒತ್ತೊತ್ತಾಗಿ ಇಟ್ಟ ಚೀಲಗಳು ತಾರಸಿಯ ಇಳಿಜಾರಿಗೆ ಅಡ್ಡಗಟ್ಟೆಯಾಗಿ ನೀರು ನಿಲ್ಲಿಸುತ್ತವೆ. ತೆಳು ಪಾಲಿಥೀನ್ ಚೀಲಗಳು ಬಿಸಿಲಿಗೆ ಪುಡಿಪುಡಿಯಾಗಿ ಪೈಪಿನ ಬಾಯಿ ಸೇರುತ್ತವೆ. ಅಗ್ಗವೆಂದು ಅವನ್ನೇ ಕೊಳ್ಳುವವರಿಗೆ ನೀವು ಗದರಿದರೆ ನಾನು ನಿಮ್ಮ ಪರ. ಆದರೆ ಇದಕ್ಕೆ ಮದ್ದು ಸರಳ. ಕುಂಡಗಳೆಲ್ಲ ಮುಕ್ಕಾಲಡಿಯಾದರೂ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿರಬೇಕು. ಅಡಿಯಲ್ಲಿ ಪೊರಕೆ ಆಡಬೇಕು, ಗಾಳಿ ಆಡಬೇಕು. ಸ್ಟ್ಯಾಂಡಿನ ಕಾಲಿಗೆ ರಬ್ಬರಿನ ಬಿರಡೆ ಇರಬೇಕು. ಪೈಪಿನ ಬಾಯಿಯ ಸುತ್ತ ಮೂರು ಅಡಿ ಖಾಲಿ ಬಿಡಬೇಕು. ಬಿಸಿಲು ತಾಳುವ ದಪ್ಪ ಎಚ್‌ಡಿಪಿಇ ಚೀಲ ಅಥವಾ ಬಕೆಟ್ ಮಾತ್ರ. ನುಗ್ಗೆ, ಪಪ್ಪಾಯಿ, ಅಂಜೂರ ಇವುಗಳನ್ನು ತಾರಸಿಗೆ ತರಕೂಡದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು.

ಭಾರದ ವಿಷಯದಲ್ಲಿ ಲೆಕ್ಕ ಹಾಕಿಯೇ ಮಾತಾಡೋಣ, ಅದು ನನ್ನ ಹಳೆಯ ಕಸುಬು. ಜನ ಓಡಾಡುವ ಸಮತಟ್ಟು ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಒಂದಡಿ ಅಗಲ, ಒಂದಡಿ ಎತ್ತರದ ಚೀಲಕ್ಕೆ ಬರೀ ಕೆಂಪುಮಣ್ಣು ತುಂಬಿ ನೀರು ಕುಡಿಸಿದರೆ ಅದು 30–35 ಕೆ.ಜಿ. ತೂಗುತ್ತದೆ. ಚದರ ಮೀಟರಿಗೆ ಅಂಥ ನಾಲ್ಕು ಚೀಲ ಇಟ್ಟರೆ ಮಿತಿಯ ಅಂಚಿಗೆ ಬಂದಂತೆಯೇ. ಅದೇ ಚೀಲಕ್ಕೆ ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಹೆಚ್ಚು, ಮಣ್ಣು ಕಡಿಮೆ ಹಾಕಿದರೆ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗಿಡಕ್ಕೂ ಅದೇ ಹಿತ. ನಮ್ಮ ಕೆಂಪುಮಣ್ಣು ಒಂದೇ ಆದರೆ ಕುಂಡದಲ್ಲಿ ನಾಲ್ಕು ಸಲ ನೀರು ಕುಡಿದು ಇಟ್ಟಿಗೆಯಾಗುತ್ತದೆ. ಮಕ್ಕಳು ಈಜಲು ಗಾಳಿ ತುಂಬುವ ಕೊಳ ಇಡುತ್ತಾರಲ್ಲ, ಅದರಲ್ಲಿ ಒಂದಡಿ ನೀರು ನಿಂತರೆ ಚದರ ಮೀಟರಿಗೆ 300 ಕೆ.ಜಿ. ಆಯಿತು. ಹೊಸ ವರ್ಷದ ಪಾರ್ಟಿಗೆ ಅದಕ್ಕೆ ಅನುಮತಿ ಕೊಟ್ಟ ಸಮಿತಿಗಳು ಮೆಂತ್ಯಕ್ಕೆ ಹೆದರುವುದನ್ನು ನೋಡಿದರೆ ಸ್ವಲ್ಪ ನಗು ಬರುತ್ತದೆ, ಕ್ಷಮಿಸಿ. ಹಳೆಯ ಕಟ್ಟಡವಾದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ ತೊಲೆ ಎಲ್ಲಿ ಹಾದಿದೆ, ಕಂಬ ಎಲ್ಲಿದೆ ಎಂದು ತಾರಸಿಯ ನೆಲದ ಮೇಲೆ ಬಣ್ಣದ ಗೆರೆ ಎಳೆಸಿ. ಸ್ಟ್ಯಾಂಡುಗಳು ಆ ಗೆರೆಯ ಮೇಲೆ ನಿಲ್ಲಲಿ. ಬಾಲ್ಕನಿಯಾದರೆ ಭಾರವೆಲ್ಲ ಗೋಡೆಯ ಕಡೆಗಿರಲಿ, ಕಟಾಂಜನದ ಕಡೆಗೆ ಬೇಡ.

ನಿಜವಾದ ಜಗಳ ಹುಟ್ಟುವುದು ಸೋರಿಕೆಯಿಂದಲೂ ಅಲ್ಲ, ಭಾರದಿಂದಲೂ ಅಲ್ಲ ಎಂದು ನಿಮಗೂ ಗೊತ್ತು. ಮೂರನೇ ಮಹಡಿಯ ಬಾಲ್ಕನಿಯ ಕುಂಡದಿಂದ ಕೆಂಪು ನೀರು ತೊಟ್ಟಿಕ್ಕಿ ಎರಡನೇ ಮಹಡಿಯವರು ಆಗತಾನೇ ಒಣಹಾಕಿದ ಬಿಳಿ ಪಂಚೆಯ ಮೇಲೆ ಬೀಳುವುದರಿಂದ. ಇದಕ್ಕೆ ಸಮರ್ಥನೆಯೇ ಇಲ್ಲ. ಕಟಾಂಜನಕ್ಕೆ ಹೊರಮುಖವಾಗಿ ಕುಂಡ ನೇತುಹಾಕುವುದನ್ನು ಪೂರ್ತಿ ನಿಲ್ಲಿಸಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ, ಗಾಳಿಗೆ ಕೊಂಡಿ ಕಳಚಿದರೆ ಆಗುವ ಅನಾಹುತ ಯಾರಿಗೂ ಬೇಡ. ಒಳಗಿಟ್ಟ ಕುಂಡಕ್ಕೆ ತಟ್ಟೆ ಕಡ್ಡಾಯ ಮಾಡಿ. ತಟ್ಟೆಯೆಂದರೆ ಸೊಳ್ಳೆ ಎನ್ನುತ್ತೀರಿ, ಅದೂ ನ್ಯಾಯವೇ. 2024ರಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನಮಗೆಲ್ಲ ನೆನಪಿದೆ. ಅದನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಬೇಕು. ಅದರ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೇ ಇದ್ದು, ನೀರು ಸೋಕಿದೊಡನೆ ಜೀವ ತಳೆಯುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆಯಬೇಕು. ತಟ್ಟೆಗೆ ಮರಳು ತುಂಬಿಸಿಡುವುದು ಇನ್ನೂ ಒಳ್ಳೆಯದು. ಭಾನುವಾರ ಬೆಳಿಗ್ಗೆ ತಟ್ಟೆ ತೊಳೆಯದವರ ಕುಂಡವನ್ನು ಸಮಿತಿ ಎತ್ತಿಸಬಹುದು ಎಂದು ನಿಯಮ ಬರೆಯಿರಿ, ನಾನೇ ಮೊದಲ ಸಹಿ ಹಾಕುತ್ತೇನೆ.

ನೀರಿನ ಮಾತು ಬಂದಾಗ ದನಿ ತಗ್ಗಿಸಲೇಬೇಕು. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ, ಕಾರಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿತು. ಕೊಡ ಹಿಡಿದು ನಿಂತವರನ್ನು ನೋಡಿದ ಊರಿನಲ್ಲಿ ಅದು ಸರಿಯಾದ ಮಾತೇ. ಹಾಗಾದರೆ ಕುಂಡಕ್ಕೆ ನೀರೆಲ್ಲಿಂದ? ಒಂದಡಿಯ ಚೀಲಕ್ಕೆ ದಿನಕ್ಕೆ ಒಂದು ಲೀಟರು, ಏಪ್ರಿಲ್ ಬಿಸಿಲಿನಲ್ಲಿ ಎರಡು. ನಮ್ಮ ಅಡುಗೆಮನೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರ ಒಂದು ಲೀಟರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಸಿಂಕಿಗೆ ಬಿಡುತ್ತದೆ. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಬೇರೆ. ಹತ್ತು ಹದಿನೈದು ಕುಂಡ ಸಾಕಲು ಒಂದು ಮನೆಯ ಇಷ್ಟು ನೀರು ಸಾಲುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಯಂತ್ರದ ತ್ಯಾಜ್ಯನೀರು ಉಪ್ಪುಪ್ಪಾಗಿರುತ್ತದೆ, ದಿನಾ ಅದನ್ನೇ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಅಕ್ಕಿ ನೀರಿನ ಜೊತೆ ಬೆರೆಸಿ ಹಾಕಬೇಕು. ಕಟ್ಟಡದಲ್ಲಿ ಕೊಳಚೆ ಸಂಸ್ಕರಣಾ ಘಟಕವಿದ್ದರೆ ಅದರ ನೀರು ದಾಸವಾಳಕ್ಕೆ, ಮಲ್ಲಿಗೆಗೆ, ಹುಲ್ಲುಹಾಸಿಗೆ ಧಾರಾಳವಾಗಿ ಹೋಗಲಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಬೇಡ.

ಇನ್ನೊಂದು ತೊಡಕನ್ನು ನಾನಾಗಿಯೇ ಹೇಳಬೇಕು, ಗಿಡದ ಉತ್ಸಾಹಿಗಳು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. 2009ರಿಂದ ಈ ಊರಲ್ಲಿ ಮಳೆನೀರು ಸಂಗ್ರಹ ಕಡ್ಡಾಯ. ನಿಮ್ಮ ತಾರಸಿಯ ನೀರು ಸೋಸಿ ಸಂಪಿಗೆ ಹೋಗುವ ವ್ಯವಸ್ಥೆಯಿದ್ದರೆ, ಕುಂಡದ ಬಗ್ಗಡವೂ ಗೊಬ್ಬರದ ರಸವೂ ಅದೇ ದಾರಿ ಹಿಡಿಯುತ್ತವೆ. ಅಂಥ ಕಡೆ ಕುಂಡಗಳಿಗೆ ತಾರಸಿಯ ಒಂದೇ ಇಳಿಜಾರನ್ನು ಮೀಸಲಿಟ್ಟು, ಆ ಬದಿಯ ಪೈಪನ್ನು ಸಂಪಿನ ಬದಲು ಇಂಗುಗುಂಡಿಗೆ ತಿರುಗಿಸಬೇಕು. ಪ್ಲಂಬರನಿಗೆ ಅರ್ಧ ದಿನದ ಕೆಲಸ. ಅದು ಸಾಧ್ಯವೇ ಇಲ್ಲದ ಕಟ್ಟಡದಲ್ಲಿ ತಾರಸಿ ತೋಟ ಬೇಡವೆಂದು ನೀವು ತೀರ್ಮಾನಿಸಿದರೆ ನನ್ನ ತಕರಾರಿಲ್ಲ. ಆಗ ನೆಲಮಟ್ಟದಲ್ಲಿ ಬಿಸಿಲು ಬೀಳುವ ಒಂದು ಪಟ್ಟಿಯನ್ನಾದರೂ ಬಿಟ್ಟುಕೊಡಿ.

ಈಗ, ತಾರಸಿ ಯಾರದು? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ, ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸೂರು ಎಲ್ಲರ ಸಾಮಾನ್ಯ ಸ್ವತ್ತು. ಆದ್ದರಿಂದ ಮೇಲಿನ ಮಹಡಿಯವರು "ನಮ್ಮ ತಲೆಯ ಮೇಲಿರುವುದು ನಮ್ಮದೇ" ಎಂದು ಅರ್ಧ ತಾರಸಿಗೆ ಡ್ರಮ್ಮು ಜೋಡಿಸಿದರೆ ಅದು ಒತ್ತುವರಿಯೇ. ಸಮಿತಿಗೆ ಅದನ್ನು ತಡೆಯುವ ಹಕ್ಕಿದೆ, ಕರ್ತವ್ಯವೂ ಇದೆ. ಆದರೆ ಎಲ್ಲರ ಸ್ವತ್ತು ಎನ್ನುವುದನ್ನು ಯಾರೂ ಬಳಸಕೂಡದ ಸ್ವತ್ತು ಎಂದು ಓದಬಾರದು. ಸ್ವಲ್ಪ ಯೋಚಿಸಿ: ನಮ್ಮಲ್ಲಿ ಕೆಳಗಿನ ಸೆಟ್‌ಬ್ಯಾಕಿನ ಇಂಚಿಂಚೂ ಕಾರಿಗೆ ಹೋಗಿದೆ. ಬಿಸಿಲು ಬೀಳುವ ಜಾಗವೆಂದು ಉಳಿದಿರುವುದು ತಾರಸಿಯೊಂದೇ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯ ಮನೆಯವರು ಐದಾರು ತಾಸಿನ ಬಿಸಿಲನ್ನು ಎಲ್ಲಿಂದ ತರಬೇಕು? ತಾರಸಿಯ ಒಂದು ಬದಿಯಲ್ಲಿ ಸಾಲುಗಳನ್ನು ಗುರುತಿಸಿ, ಕೇಳಿದವರಿಗೆ ಒಂದೊಂದು ಸ್ಟ್ಯಾಂಡಿನಷ್ಟು ಜಾಗವನ್ನು ವರ್ಷದ ಮಟ್ಟಿಗೆ ಕೊಡಿ. ಕೇಳುವವರು ಹೆಚ್ಚಾದರೆ ಚೀಟಿ ಎತ್ತಿ. ವರ್ಷಕ್ಕಿಷ್ಟು ಎಂದು ಶುಲ್ಕ ಹಾಕಿ, ಆ ದುಡ್ಡನ್ನು ವಾಟರ್‌ಪ್ರೂಫಿಂಗ್ ನಿಧಿಗೇ ಹಾಕಿ. ಬಾಡಿಗೆದಾರರಿಗೂ ಅದೇ ಹಕ್ಕಿರಲಿ. ಅವರನ್ನು ಹನ್ನೊಂದು ತಿಂಗಳ ಅತಿಥಿಗಳೆಂದು ನೋಡುವುದನ್ನು ನಾವು ಬಿಡಬೇಕು.

ಒಂದು ಸಾಲು ಕಟ್ಟಡದ ಕೆಲಸಗಾರರಿಗೂ ಇರಲಿ ಎನ್ನುವುದು ನನ್ನ ವಿಶೇಷ ಕೋರಿಕೆ. ನಮ್ಮ ಕಾವಲುಗಾರರ ಸಂಸಾರ ಯಾದಗಿರಿ ಕಡೆಯದು. ಪಂಪಿನ ಕೋಣೆಯ ಪಕ್ಕ, ಬಣ್ಣದ ಖಾಲಿ ಬಕೆಟಿನಲ್ಲಿ ಅವರ ಹೆಂಡತಿ ಪುಂಡಿಪಲ್ಯ ಹಾಕಿದ್ದಳು. ಕೆಂಪು ದಂಟು, ಬೆರಳು ಬಿಡಿಸಿದಂಥ ಎಲೆ, ಕೈಗೆ ಸಿಕ್ಕಿದ್ದನ್ನು ಚಿವುಟಿ ಬಾಯಿಗೆ ಹಾಕಿದರೆ ಹುಳಿ. ಇನ್ನೊಂದರಲ್ಲಿ ಮೆಂತೆ, ಅವರ ಕಡೆ ಅದನ್ನು ಬೇಯಿಸದೆ, ಹಸೀದನ್ನೇ ಈರುಳ್ಳಿ ಜೊತೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಇಲ್ಲಿನ ತಳ್ಳುಗಾಡಿಯಲ್ಲಿ ಪುಂಡಿ ಸಿಗುವುದಿಲ್ಲ, ಸಿಕ್ಕರೂ ಊರಿನದರ ಹಾಗೆ ಹುಳಿ ಇಲ್ಲ ಎಂದಿದ್ದಳು. ನೋಟಿಸ್ ಬಂದಾಗ ಮೊದಲು ಮಾಯವಾದದ್ದು ಆ ಎರಡು ಬಕೆಟು. ಆಕೆ ಯಾರನ್ನೂ ಕೇಳಲಿಲ್ಲ, ಯಾರಿಗೂ ಬರೆಯಲಿಲ್ಲ. ನಮ್ಮಂಥವರು ಪತ್ರಿಕೆಗೆ ಪತ್ರ ಬರೆಯುತ್ತೇವೆ.

"ಅಷ್ಟಕ್ಕೂ ಏನು ಮಹಾ ಬೆಳೆದುಬಿಡುತ್ತೀರಿ?" ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದರು. ಪ್ರಾಮಾಣಿಕ ಪ್ರಶ್ನೆ, ಪ್ರಾಮಾಣಿಕವಾಗಿಯೇ ಉತ್ತರಿಸುತ್ತೇನೆ. ತಾರಸಿ ತೋಟದಿಂದ ತರಕಾರಿ ಖರ್ಚು ಉಳಿಯುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ನಮ್ಮಲ್ಲಿ ಎಲ್ಲರೂ ಟೊಮೆಟೊ ಸಸಿ ತಂದರು. ಗಿಡ ಕಾಯಿ ಬಿಡುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗಿತ್ತು. ಟೊಮೆಟೊ, ಈರುಳ್ಳಿ, ಆಲೂಗಡ್ಡೆಯನ್ನು ಕೋಲಾರ, ಹಾಸನದ ರೈತರೇ ಬೆಳೆಯಲಿ. ನಾವು ಅವರಿಗೆ ಸರಿಯಾದ ಬೆಲೆ ಕೊಟ್ಟು ಕೊಳ್ಳೋಣ. ಕುಂಡದಲ್ಲಿ ಬೆಳೆಯಬೇಕಾದದ್ದು ಸೊಪ್ಪು ಮತ್ತು ಗಿಡಮೂಲಿಕೆ. ಕಿತ್ತ ಒಂದು ಗಂಟೆಯಲ್ಲಿ ಬಾಡುವಂಥದ್ದು, ಒಮ್ಮೆಗೆ ನಾಲ್ಕೆಸಳು ಸಾಕಾಗುವಂಥದ್ದು, ಅಂಗಡಿಯಲ್ಲಿ ಕೇಳಿದರೆ ಇಲ್ಲವೆನ್ನುವಂಥದ್ದು.

ಮೆಂತ್ಯವನ್ನೇ ತೆಗೆದುಕೊಳ್ಳಿ. ಒಗ್ಗರಣೆ ಡಬ್ಬಿಯಿಂದ ಒಂದು ಹಿಡಿ ತೆಗೆದು ರಾತ್ರಿ ನೆನೆಸಿಟ್ಟು, ಅರ್ಧ ಅಡಿ ಆಳದ ಟ್ರೇಯಲ್ಲಿ ಚೆಲ್ಲಿ, ಬೆರಳ ತುದಿಯಷ್ಟು ಕಾಂಪೋಸ್ಟ್ ಉದುರಿಸಿದರೆ ಮೂರನೇ ದಿನಕ್ಕೆ ಮೇಲಿನ ಪದರ ಒಟ್ಟಾಗಿ ಮೇಲೇಳುತ್ತದೆ. ಕೆಳಗೆ ಮೊಳಕೆಗಳೆಲ್ಲ ಕತ್ತು ಬಗ್ಗಿಸಿಕೊಂಡು ಅದನ್ನು ಹೊತ್ತು ನಿಂತಿರುತ್ತವೆ. ಸಂಜೆಯೊಳಗೆ ಪದರ ಒಡೆದು ಹಸಿರು ಕಾಣುತ್ತದೆ. ಮೂರು ವಾರ ಕಳೆದರೆ ಮೆಂತ್ಯ ಬಾತು. ಕೊತ್ತಂಬರಿ ಬೀಜ ಚಪ್ಪಲಿಯಡಿ ಉಜ್ಜಿ ಎರಡು ಹೋಳಾಗಿಸದಿದ್ದರೆ ಸರಿಯಾಗಿ ಹುಟ್ಟುವುದಿಲ್ಲ, ಮೆಂತ್ಯದ ಹಾಗೆ ಅವಸರಕ್ಕೂ ಬರುವುದಿಲ್ಲ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತದೆ. ಪುದೀನ ಬಿತ್ತುವುದೇ ಬೇಡ, ಅಂಗಡಿಯ ಕಟ್ಟಿನಲ್ಲಿ ಎಲೆ ಬಿಡಿಸಿಕೊಂಡ ಮೇಲೆ ಉಳಿದ ದಂಟು ಚುಚ್ಚಿದರೆ ಸಾಕು. ಮೆಣಸು, ಬದನೆಗೆ ಒಂದಡಿ ಆಳ ಬೇಕು, ಕರಿಬೇವಿಗೆ ಒಂದೂವರೆ. ಹಿಟ್ಟು ತಿಗಣೆ ಬಂದರೆ ಲೀಟರು ನೀರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು ಸಿಂಪಡಿಸಬೇಕು. ಚಕ್ರಮುನಿ ಸೊಪ್ಪನ್ನು ಮಾತ್ರ, ಗಿಡ ಸಾಕುವ ಗೆಳೆಯರೇ, ಹಸಿ ರಸ ಮಾಡಿ ಕುಡಿಯಬೇಡಿ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲು ಹಾಗೆ ಕುಡಿದವರ ಶ್ವಾಸಕೋಶವೇ ಕೆಟ್ಟಿತ್ತು. ಬೇಯಿಸಿ, ಮಿತವಾಗಿ ತಿನ್ನಿ. ಪಾರಿವಾಳಗಳ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪತ್ರವಾಗುತ್ತದೆ. ಮೊಳಕೆಯನ್ನೆಲ್ಲ ಕುಕ್ಕಿ ಹೋಗುವ ಅವಕ್ಕೆ ತಾರಸಿಯ ಮೇಲೆ ಕಾಳು ಹಾಕಲು ಅಡ್ಡಿಯಿಲ್ಲವಂತೆ, ಗಿಡ ಹಾಕಲು ಅಡ್ಡಿ!

ಇದೆಲ್ಲ ಹವ್ಯಾಸವೆಂದು ನೀವು ತಳ್ಳಿಹಾಕಬಹುದು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಅದು ಹವ್ಯಾಸವಾಗಿರಲಿಲ್ಲ. ಕುಂದಾಪುರದ ಕಡೆಯವರು, ಯಜಮಾನರು ಹೋದ ಮೇಲೆ ಮಗನ ಮನೆಗೆ ಬಂದವರು. ಬಂದ ಹೊಸದರಲ್ಲಿ ಮಾತು ಕಡಿಮೆ, ಟೀವಿ ಮುಂದೆ ಕೂತೇ ಇರುತ್ತಿದ್ದರು. ಊರಿಗೆ ಹೋಗಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ತುಂಡು ಬಸಳೆ ಬಳ್ಳಿ, ಒಂದು ಹಿಡಿ ಒಂದೆಲಗ ತಂದರು. ಬಸಳೆ ತಾರಸಿಯ ನೀರಿನ ತೊಟ್ಟಿಯ ಏಣಿಗೆ ಹಬ್ಬಿತು. ಒಂದೆಲಗ ಅಗಲವಾದ ಹಳೇ ಟಬ್ಬಿನಲ್ಲಿ ಗೆಣ್ಣುಗೆಣ್ಣಿಗೆ ಬೇರೂರುತ್ತ ಅಂಚು ದಾಟಿ ಹೊರಗೆ ಇಣುಕಿತು. ಬೆಳಿಗ್ಗೆ ಬಿಸಿಲೇರುವ ಮೊದಲು ಅಜ್ಜಿ ಮೇಲೆ. ಗಿಡ ನೋಡಲು ಬಂದವರಿಗೆಲ್ಲ ತಂಬುಳಿಯ ಪಾಠ: ಎಲೆಯನ್ನು ತುಪ್ಪದಲ್ಲಿ ಬಾಡಿಸಬೇಕೋ ಬೇಡವೋ, ಜೀರಿಗೆ ಎಷ್ಟು, ತೆಂಗಿನಕಾಯಿ ಎಷ್ಟು ನುಣ್ಣಗೆ ರುಬ್ಬಬೇಕು, ಮಜ್ಜಿಗೆ ಹುಳಿಯಿರಬಾರದೇಕೆ. ಪರಿಚಯವೇ ಇಲ್ಲದ ಐದನೇ ಮಹಡಿಯ ಹುಡುಗಿಯೊಬ್ಬಳು, ಲಕ್ನೋದವಳು, ದೊಡ್ಡಪತ್ರೆ ಎಲೆಯ ಬಜ್ಜಿ ಕಲಿತದ್ದು ಅಲ್ಲೇ. ಸಂಘದ ವಾರ್ಷಿಕೋತ್ಸವಕ್ಕೆ ನಾವು ಎಷ್ಟೆಲ್ಲ ಖರ್ಚು ಮಾಡಿದರೂ ಜನ ಹಾಗೆ ಮಾತಾಡಿಕೊಂಡದ್ದನ್ನು ನಾನು ಕಂಡಿಲ್ಲ.

ನಿಮ್ಮ ಇನ್ನೊಂದು ತಲೆನೋವಿಗೂ ಇಲ್ಲಿ ಪರಿಹಾರವಿದೆ. 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಹಸಿಕಸವನ್ನು ಸಾಧ್ಯವಾದ ಮಟ್ಟಿಗೆ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಹಾಗೆಂದು ಬಹಳ ಸಂಘಗಳು ಕಾಂಪೋಸ್ಟ್ ತೊಟ್ಟಿ ಕಟ್ಟಿಸಿದವು, ಯಂತ್ರ ತಂದವು. ಕಾಂಪೋಸ್ಟ್ ಬರತೊಡಗಿತು. ಬಂದದ್ದನ್ನು ಹಾಕುವುದೆಲ್ಲಿ? ಬೇಸ್‌ಮೆಂಟಿನಲ್ಲಿ ಮೂಟೆಗಳು ಬೆಳೆಯುತ್ತಿವೆ, ಒಯ್ಯಲು ದುಡ್ಡು ಕೊಟ್ಟು ಯಾರನ್ನೋ ಕರೆಸುತ್ತೀರಿ. ಕೆಳಗೆ ಗೊಬ್ಬರಕ್ಕೆ ಗಿಡವಿಲ್ಲ, ಮೇಲೆ ಗಿಡಕ್ಕೆ ಜಾಗವಿಲ್ಲ. ಒಂದು ಲಿಫ್ಟಿನ ದೂರದಲ್ಲಿರುವ ಇವೆರಡನ್ನು ಕೂಡಿಸಲು ಬೇಕಾದದ್ದು ನಿಮ್ಮ ಒಂದು ಠರಾವು.

ನಮ್ಮೂರು ಈ ವಿದ್ಯೆಗೆ ಹೊಸದೇನಲ್ಲ. ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ಸಾವಯವ ತರಕಾರಿ ಬೆಳೆಯುವುದನ್ನು ಇಲ್ಲಿ ನೂರಾರು ಮಂದಿಗೆ ಕಲಿಸಿದರು. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಮೇಳಕ್ಕೆ ಬೀಜ, ಸಸಿ, ಗೊಬ್ಬರ ಹುಡುಕಿಕೊಂಡು ಬಂದವರೆಲ್ಲ ನಮ್ಮ ನಿಮ್ಮಂಥ ಮನೆಗಳವರೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ 'ಅರ್ಕ' ಹೆಸರಿನ ತರಕಾರಿ ತಳಿಗಳ ಬೀಜ ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಪ್ರತಿ ವರ್ಷ ನಡೆಯುತ್ತದೆ. ಕಲಿಸುವವರು ಇದ್ದಾರೆ, ಕಲಿಯುವವರೂ ಇದ್ದಾರೆ.

ಆದ್ದರಿಂದ ನಾನು ಬೇಡುವುದು ಇಷ್ಟು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ತಾರಸಿ ತೋಟವನ್ನು ಪ್ರತ್ಯೇಕ ವಿಷಯವಾಗಿ ಸೇರಿಸಿ. "ಇತರೆ ವಿಷಯಗಳು" ಎಂಬಲ್ಲಿ ತುರುಕಬೇಡಿ, ಅಷ್ಟು ಹೊತ್ತಿಗೆ ಅರ್ಧ ಜನ ಎದ್ದುಹೋಗಿರುತ್ತಾರೆ. ಅಲ್ಲಿಯವರೆಗೆ ತೆರವಿನ ನೋಟಿಸನ್ನು ತಡೆಹಿಡಿಯಿರಿ. ಸಭೆಗೆ ಮುಂಚೆ ಎಂಜಿನಿಯರರಿಂದ ಒಮ್ಮೆ ತಾರಸಿ ನೋಡಿಸಿ, ಅವರ ವರದಿಯನ್ನು ಎಲ್ಲರಿಗೂ ಓದಲು ಕೊಡಿ. ಒಂದೇ ಬದಿಯಲ್ಲಿ, ಒಂದು ವರ್ಷದ ಮಟ್ಟಿಗೆ, ಪ್ರಯೋಗವಾಗಿ ಶುರುಮಾಡಿ. ಸಾಲು ಪಡೆದವರು ತಲಾ ಒಂದು ಠೇವಣಿ ಇಡಲಿ. ಅವರ ಕುಂಡದಿಂದಲೇ ಹಾನಿಯಾಯಿತೆಂದು ಎಂಜಿನಿಯರ್ ಬರೆದುಕೊಟ್ಟರೆ ಅದರಿಂದ ಮುರಿದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಪೈಪಿನ ಬಾಯಿಗಳನ್ನು ಶುಚಿ ಮಾಡುವ ಕೆಲಸವನ್ನು ಗಿಡ ಬೆಳೆಸುವವರಿಗೇ ವಹಿಸಿ. ದಿನಾ ತಾರಸಿಗೆ ಹೋಗುವವರು ಅವರೇ, ಬಿರುಕನ್ನೂ ಅರಳಿ ಸಸಿಯನ್ನೂ ಮೊದಲು ಕಾಣುವವರೂ ಅವರೇ. ಇದರಿಂದ ನಿಮ್ಮ ಮೇಂಟೆನೆನ್ಸ್ ಖರ್ಚು ಇಳಿದರೂ ಇಳಿಯಬಹುದು.

ಗಿಡ ಬೆಳೆಸುವ ನನ್ನ ಬಳಗಕ್ಕೂ ಇಲ್ಲೇ ಒಂದು ಮಾತು: ಸಮಿತಿಯವರು ತಾರಸಿ ನೋಡಲು ಬಂದ ದಿನ ವಾದಕ್ಕೆ ನಿಲ್ಲಬೇಡಿ, ಕುಂಡಗಳಡಿ ಗುಡಿಸಿಡಿ.

ವರ್ಷ ಕಳೆದ ಮೇಲೆ ಸೂರು ಸೋರಿದರೆ, ಸೊಳ್ಳೆ ಹೆಚ್ಚಿದರೆ, ನೆರೆಹೊರೆಯವರ ದೂರು ನಿಲ್ಲದಿದ್ದರೆ ಆಗ ನೋಟಿಸ್ ಅಂಟಿಸಿ, ನನ್ನ ಕುಂಡಗಳನ್ನೇ ಮೊದಲು ಇಳಿಸುತ್ತೇನೆ. ಸಾಲುಗಳ ನಕ್ಷೆ, ಕರಾರಿನ ಕರಡು, ಠೇವಣಿಯ ಲೆಕ್ಕಪುಸ್ತಕ ಬೇಕಾದ ಯಾವ ಸಂಘಕ್ಕಾದರೂ ಬರೆದುಕೊಡಲು ಸಿದ್ಧಳಿದ್ದೇನೆ. ಈ ಪತ್ರಿಕೆಯ ಸಂಪಾದಕರ ಮೂಲಕ ತಿಳಿಸಿದರೆ ಸಾಕು.



ಇಂತಿ ತಮ್ಮ ವಿಶ್ವಾಸಿ,
ಮಾಜಿ ಖಜಾಂಚಿ, ಹಾಲಿ ಮೂರನೇ ಮಹಡಿಯ ನಿವಾಸಿ,
ಬೆಂಗಳೂರು